ಚಿನ್ನದ ಹೆಸರಿನ ಮೇಲೆ ಕೆಂಪು ಬಣ್ಣ

ನಲವತ್ತೈದು ದಾಟಿದ ಗಂಡಸಿಗೆ ಹೊಸದಾಗಿ ಓದಿನ ಹುಚ್ಚು ಹಿಡಿಯಬಾರದು. ಹಿಡಿದರೆ ಅವನಿಗೇನೂ ಆಗುವುದಿಲ್ಲ, ಮನೆಯವರು ಸೊರಗುತ್ತಾರೆ. ನನಗೆ ಹಿಡಿದದ್ದು ಅಮೆರಿಕದ ಹಳೆಯ ಫೈರ್ ಇಂಜಿನ್ ಕಂಪನಿಯೊಂದರ ಚರಿತ್ರೆ. ಗಲ್ಫಿನ ಮುಸಫ್ಫಾದ ವರ್ಕ್‌ಶಾಪಿನಲ್ಲಿ ನಾನು ಕಾಗದಪತ್ರ ನೋಡಿಕೊಳ್ಳುವವನು. ನಮ್ಮ ಯಜಮಾನರು, ಅಂದರೆ ಅರ್ಬಾಬ್, ಆ ಕಂಪನಿಯ ಶತಮಾನದಷ್ಟು ಹಳೆಯ ಗಾಡಿಯೊಂದನ್ನು ಎಲ್ಲಿಂದಲೋ ತರಿಸಿ, "ಶನಿವಾರ ಇದನ್ನು ನೋಡಲು ಅತಿಥಿ ಬರುತ್ತಾರೆ. ಕಥೆ ನೀನು ಹೇಳಬೇಕು" ಎಂದರು. ನನ್ನ ವೀಸಾ ನವೀಕರಣದ ಅರ್ಜಿ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಹುಚ್ಚು ಹಿಡಿಯದೆ ಇನ್ನೇನಾದೀತು?

ಶುರುವಿನಲ್ಲಿ ಆ ಕಂಪನಿ ಮಾಡುತ್ತಿದ್ದದ್ದು ಕೈಯಲ್ಲಿ ಒತ್ತುವ ಪಂಪು. ಆಮೇಲೆ ಕುದುರೆ ಎಳೆಯುವ ಉಗಿಯಂತ್ರ. ತಿಂಡಿಯ ಹೊತ್ತಿನಲ್ಲಿ ಇದನ್ನು ವಿವರಿಸಿದರೆ ಹೆಂಡತಿ ದೋಸೆ ಮಗುಚುತ್ತಾ, "ಬೆಂಕಿ ಆರಿಸೋಕೆ ಹೋಗೋರು ಮೊದಲು ಬಾಯ್ಲರಿಗೆ ಬೆಂಕಿ ಹಚ್ಚಬೇಕಿತ್ತಾ? ಚೆನ್ನಾಗಿದೆ ಕಣ್ರೀ!" ಎಂದಳು. ಮಗಳು "ಪ್ಲೀಸ್ ಪಪ್ಪಾ, ನಾಟ್ ಅಗೇನ್" ಎಂದು ತಟ್ಟೆಯ ಸಮೇತ ಎದ್ದು ಹೋದಳು. ಮುಂದೆ ಕುದುರೆ ಬಿಚ್ಚಿ, ಆ ಜಾಗಕ್ಕೆ ಮೋಟಾರು ಕಟ್ಟಿದರಂತೆ, ಹಿಂದೆ ಮಾತ್ರ ಅದೇ ಹಳೆಯ ಉಗಿಯಂತ್ರ! ಇದನ್ನು ಕೇಳಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಕೈಗೆ ಸಿಕ್ಕವರು ನಮ್ಮ ಪೇಂಟರ್ ರೊನಾಲ್ಡ್, ಉಡುಪಿ ಕಡೆಯವರು. ಗುರುವಾರ ಅವರನ್ನು ಗಾಡಿಯ ಮುಂದೆ ನಿಲ್ಲಿಸಿ ಮೋಟಾರಿನವರೆಗಿನ ಚರಿತ್ರೆ ಒಪ್ಪಿಸಿದೆ. ಗಾಡಿಯ ಪಕ್ಕೆಯ ಮೇಲೆ ಚಿನ್ನದ ರೇಕಿನಲ್ಲಿ ಬರೆದ ಕಂಪನಿಯ ಹೆಸರು ಅರ್ಧ ಮಾಸಿಹೋಗಿತ್ತು. ಗಾಡಿ ಆ ಕಂಪನಿಯದೇ ಅನ್ನಲು ಇದ್ದ ಗುರುತು ಅದೊಂದೇ.

"ಅದೆಲ್ಲ ಸರಿ ಮಾರಾಯ್ರೆ, ಈಗ ನಾನೆಂತ ಮಾಡ್ಬೇಕು?" ಎಂದರು ರೊನಾಲ್ಡ್.

"ಗೆಸ್ಟ್ ಬರ್ತಾರಲ್ಲ, ಹೊಸದರ ಥರ ಹೊಳೀಬೇಕು ನೋಡಿ" ಎಂದೆ.

ಬರೀ ಒರೆಸಿ ಹೊಳಪು ಕೊಡಲಿ ಎಂದು ನನ್ನ ಮನಸ್ಸಿನಲ್ಲಿತ್ತು. ಆದರೆ ಮುಸಫ್ಫಾದಲ್ಲಿ ಯಾರಾದರೂ ನೋಡಲು ಬರುತ್ತಾರೆಂದರೆ ಗೇಟು, ಪೈಪು, ಕಟ್ಟೆಕಲ್ಲು ಎನ್ನದೆ ಅಲುಗಾಡದೆ ನಿಂತದ್ದಕ್ಕೆಲ್ಲ ಬಣ್ಣ ಬೀಳುತ್ತದೆ. ಹದಿನೆಂಟು ವರ್ಷ ಇಲ್ಲಿದ್ದ ನನಗೆ ಅಷ್ಟು ಹೊಳೆಯಬೇಡವೇ?

ಶನಿವಾರ ಗಾಡಿ ಟೊಮೇಟೊ ಹಣ್ಣಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಅತಿಥಿ ಎರಡು ಸುತ್ತು ಬಂದು, "ಹೆಸರೆಲ್ಲಿ?" ಎಂದರು. ಅರ್ಬಾಬರ ಮುಖ ಇಳಿಯಿತು. "ಬಣ್ಣ ಹೊಡೆಯಲು ಯಾರು ಹೇಳಿದ್ದು?" ಎಂದು ಕೇಳಿದರು. ನಾನು ಬರೆದುಕೊಂಡು ಬಂದಿದ್ದ ಚರಿತ್ರೆಯ ನಾಲ್ಕು ಹಾಳೆಗಳನ್ನು ಜೋಡಿಸುವುದರಲ್ಲಿ ಮಗ್ನನಾದೆ. ರೊನಾಲ್ಡ್ ನನ್ನನ್ನೊಮ್ಮೆ ನೋಡಿ, "ಮೇರಾ ಗಲ್ತಿ, ಅರ್ಬಾಬ್" ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡುಬಿಟ್ಟರು. ಅವರ ಕ್ರಿಸ್‌ಮಸ್ ರಜೆ ಅಲ್ಲೇ ಖಲಾಸ್. ನನ್ನ ಅರ್ಜಿಗೆ ಸಂಜೆಯೊಳಗೆ ಸಹಿ ಬಿತ್ತು. ನಾಚಿಕೆಯಾಯಿತು, ನಿಜ. ಆದರೂ ಅರ್ಜಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ.

ಮನೆಗೆ ಹೋಗುವ ವರ್ಕ್‌ಶಾಪಿನ ಬಸ್ಸಿನಲ್ಲಿ ರೊನಾಲ್ಡ್ ನನ್ನ ಪಕ್ಕದಲ್ಲೇ ಬಂದು ಕೂತರು. ಸಿಟ್ಟಿನ ಸುಳಿವೂ ಇಲ್ಲ.

"ಅಲ್ಲ ಮಾರಾಯ್ರೆ, ಅಷ್ಟು ದೊಡ್ಡ ಕಂಪನಿ ಮುಚ್ಚಿದ್ದು ಯಾಕೆ? ಅದೊಂದು ನೀವು ಹೇಳ್ಲೇ ಇಲ್ಲ."

ನಾಲ್ಕನೆಯ ಹಾಳೆಯಲ್ಲಿ ನಾನೇ ಬರೆದಿದ್ದೆ: ಉಗಿಯಂತ್ರದ ಕಾಲ ಮುಗಿದದ್ದು ಗೊತ್ತಿದ್ದರೂ ಆ ಕಂಪನಿಯ ಯಜಮಾನ ಕೊನೆಯವರೆಗೆ ತನ್ನ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ.

"ಅದೊಂದು ನನಗೂ ಸರಿಯಾಗಿ ಗೊತ್ತಿಲ್ಲ, ರೊನಾಲ್ಡ್" ಎಂದೆ.