ಎಡಗಡೆ ಸೀಟಿನ ಮಾವ

ಕಾರು ಓಡಿಸಲು ಬಾರದ ಮನುಷ್ಯ ಕಾರ್ ರೇಸಿನ ಮ್ಯೂಸಿಯಂ ಇಟ್ಟಿದ್ದಾನೆ ಎಂದರೆ ನೀವು ನಂಬುತ್ತೀರಾ? ಅವನ ಸೋದರಳಿಯನಾಗಿ ಹುಟ್ಟದಿದ್ದರೆ ನಾನೂ ನಂಬುತ್ತಿರಲಿಲ್ಲ!

ರ‍್ಯಾಲಿ ಕಾರಿನಲ್ಲಿ ಇಬ್ಬರಿರುತ್ತಾರೆ. ಒಬ್ಬ ಓಡಿಸುತ್ತಾನೆ. ಎಡಗಡೆ ಕೂತವನು ನೋಟ್‌ಬುಕ್ ನೋಡಿಕೊಂಡು ಮುಂದೆ ಬರುವ ತಿರುವುಗಳನ್ನು, ಎಷ್ಟು ಕಡಿದು ಎಂಬ ಅಂಕಿಯ ಸಮೇತ, ಕೂಗಿ ಹೇಳುತ್ತಾನೆ. ನಮ್ಮ ಮಾವ ಕೂಗುವವನು. ಓಡಿಸುತ್ತಿದ್ದವನು ತೀರ್ಥಹಳ್ಳಿಯ ಅವನ ಗೆಳೆಯ. ಇಪ್ಪತ್ತು ವರ್ಷ ಜೊತೆಯಲ್ಲಿ ಓಡಿ, ಗೆದ್ದ ಕಪ್ಪುಗಳಿಗಿಂತ ಹೆಚ್ಚು ಪ್ಲಾಸ್ಟರು ಹಾಕಿಸಿಕೊಂಡರು. ಗೆಳೆಯ ಎದೆನೋವಿನಿಂದ ತೀರಿಕೊಂಡ ಮೇಲೆ ಮಾವ ಹೊಸನಗರದಿಂದ ಸಾಗರಕ್ಕೆ ಹೋಗುವ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯೊಂದನ್ನು ಬಾಡಿಗೆಗೆ ಹಿಡಿದ. ನಡುವೆ ತಾವಿಬ್ಬರೂ ಓಡಿದ ಕೆಂಪು ಕಾರನ್ನು ನಿಲ್ಲಿಸಿ, ಸುತ್ತ ಜಜ್ಜಿದ ಹೆಲ್ಮೆಟ್ಟು, ಸೊಟ್ಟ ಸೈಲೆನ್ಸರು, ಹಳೇ ಫೋಟೋಗಳನ್ನು ಜೋಡಿಸಿ ಬೋರ್ಡು ಹಾಕಿದ. ಮದುವೆಯಾಗಲು ಪುರುಸೊತ್ತಿಲ್ಲದಿದ್ದ ಮನುಷ್ಯನಿಗೆ ಇದಕ್ಕೆ ಮಾತ್ರ ಎಲ್ಲಿಲ್ಲದ ಪುರುಸೊತ್ತು!

ಕಾರಿನ ಮೈತುಂಬ ಕೆಸರಿತ್ತು. ಅದು ಅವರಿಬ್ಬರ ಕೊನೆಯ ರ‍್ಯಾಲಿಯದು, ತೀರ್ಥಹಳ್ಳಿ ಹತ್ತಿರದ ಮೇಳಿಗೆ ಕಡೆಯ ಮಣ್ಣು. ಗುಡಿಸಲು ಬರುವ ಹೆಂಗಸು ಆಯುಧಪೂಜೆಯ ಹಿಂದಿನ ದಿನ, "ಹಬ್ಬಕ್ಕೂ ಹಿಂಗೇ ಇಡೋದಾ?" ಎಂದು ಅದನ್ನು ತೊಳೆದು ಥಳಥಳ ಮಾಡಿಟ್ಟಳು. ಮಾವ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಬಕೆಟ್ ಹಿಡಿದು ಮೇಳಿಗೆಯ ಬಸ್ಸು ಹತ್ತಿದ. ಕೂತದ್ದು ಡ್ರೈವರನ ಪಕ್ಕದಲ್ಲಿ. "ಎಡ ಮೂರು... ಬಿಗಿ... ಮುಂದೆ ಮೋರಿ, ಒತ್ತಬೇಡ" ಎಂದು ಶುರುಮಾಡಿದ. ಕಂಡಕ್ಟರ್ ಬಂದು ಕೇಳಿದ: "ಯಜಮಾನ್ರೇ, ಟಿಕೆಟ್ ತಗೊಳ್ತೀರಾ, ಸಂಬಳ ತಗೊಳ್ತೀರಾ?"

ಮಣ್ಣು ತಂದು, ಹದವಾಗಿ ಕಲಸಿ, ಫೋಟೋ ನೋಡಿಕೊಂಡು, ಎಲ್ಲಿದ್ದ ಕೆಸರನ್ನು ಅಲ್ಲೇ ಮೆತ್ತಿದ.

ಇದನ್ನೆಲ್ಲ ನೋಡಲು ಯಾರು ಬರುತ್ತಾರೆ? ಬಾಗಿಲಲ್ಲೊಂದು ಪುಸ್ತಕವಿದೆ: ಹೆಸರು, ಊರು, ಬಂದ ಕಾರಣ. ಕಾರಣದಲ್ಲಿ ಸುಳ್ಳು ಬರೆಯಲು ಮಾವ ಬಿಡುವುದಿಲ್ಲ. "ಪಂಕ್ಚರ್." "ಜೋಗಕ್ಕೆ ದಾರಿ ಕೇಳಲು." "ಮಳೆ." "ಅಕ್ಕಿ ಗಿರಣಿ ಅಂದುಕೊಂಡು." ನನ್ನ ಹೆಸರಿನ ಮುಂದೆಯೂ "ಮದುವೆ ಕಾಗದ ಕೊಡಲು" ಎಂದೇ ಇದೆ.

"ಮ್ಯೂಸಿಯಂ ನೋಡಕ್ಕೆ ಅಂತ ಒಬ್ರೂ ಬರ್ಲಿಲ್ವಲ್ಲ ಮಾವ?" ಎಂದು ಆಗ ಕೆಣಕಿದ್ದೆ.

"ಬರ್ತಾರೆ ಮಾರಾಯ. ಎಂತ ಅರ್ಜೆಂಟು?" ಎಂದು ಅವನು ರಸ್ತೆ ನೋಡಿದ್ದ. ನಾನು ನಕ್ಕಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಬೇರೇನೂ ಕೆಲಸವಿಲ್ಲದೆ, ಅದಕ್ಕೆಂದೇ ಹೋದೆ. "ಮ್ಯೂಸಿಯಂ ನೋಡಲು" ಎಂದು ಬರೆದೆ. ಮಾವ ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಕಾರಿನ ಬಲಗಡೆಯ ಬಾಗಿಲು ತೆಗೆದ. ಗೆಳೆಯನ ಆ ಸೀಟಿನಲ್ಲಿ ಕೂರಲು ಅವನು ಅದುವರೆಗೆ ಯಾರನ್ನೂ ಬಿಟ್ಟಿರಲಿಲ್ಲ. ತಾನು ಎಡಗಡೆ ಕೂತು ನೋಟ್‌ಬುಕ್ ಬಿಡಿಸಿದ.

"ಬಲ ಎರಡು... ಮುಂದೆ ನೇರ... ಎಡ ನಾಲ್ಕು."

ನಿಂತ ಕಾರಿನಲ್ಲಿ ನಾನು ಸ್ಟೀರಿಂಗ್ ತಿರುಗಿಸಿದೆ.

"ಬೇಗ ತಿರುಗ್ಸು. ಅವ ಹಿಂಗೆ ತಡ ಮಾಡ್ತಿರ್ಲಿಲ್ಲ" ಎಂದು ಬೈದ. ಅವನು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿಯೇ ಇರಲಿಲ್ಲ.

ಕೊನೆಯ ಹಾಳೆ ಬಂದಾಗ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡ.

"ಓದು ಮಾವ."

"ಇದು ಮುಗಿದ್ರೆ ಇಳೀಬೇಕಲ್ಲ. ನೀ ಹೊರಟ್ಬಿಡ್ತೀಯ."

ನಾನು ನೋಟ್‌ಬುಕ್ ತೆಗೆದುಕೊಂಡು, ಮೊದಲ ಹಾಳೆಗೆ ತಿರುವಿ ಅವನ ಕೈಗೆ ಕೊಟ್ಟೆ. ಆಮೇಲೆ ಸೀಟ್ ಬೆಲ್ಟ್ ಹಾಕಿಕೊಂಡೆ.