ಕುಬಸ ಮತ್ತು ಕಾಲಯಾನ

ಭೌತಶಾಸ್ತ್ರದ ಉಪನ್ಯಾಸಕ ಚೇತನಕುಮಾರರಿಗೆ ಇಡೀ ಸಿಂದಗಿಯ ಮೇಲೆ ಒಂದು ಸಿಟ್ಟಿತ್ತು. ಕಾಲದ ವಿಷಯ ಅರೆದು ಕುಡಿದ ಮನುಷ್ಯ ಊರಲ್ಲೇ ಇದ್ದರೂ ಯಾರೂ ಬಂದು ಏನೂ ಕೇಳುವುದಿಲ್ಲವಲ್ಲ! (ಹೆಂಡತಿ ಶೈಲಶ್ರೀ ಕೇಳುತ್ತಿದ್ದಳು. ಆದರೆ "ಮನಿಗೆ ಯಾವಾಗ ಬರ್ತೀರಿ?" ಎಂಬುದನ್ನು ಅವರು ಶಾಸ್ತ್ರೀಯ ಪ್ರಶ್ನೆಯೆಂದು ಒಪ್ಪುತ್ತಿರಲಿಲ್ಲ.)

ಆ ಭಾನುವಾರ ಬಸವನ ಬಾಗೇವಾಡಿಯ ಮಾವನ ಮನೆಯಲ್ಲಿ ನಾದಿನಿ ದಾನೇಶ್ವರಿಯ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬಸ, ಅಂದರೆ ರವಿಕೆ, ತೊಡಿಸಿ ಆರತಿ ಬೆಳಗುವ ಕಾರ್ಯ. ಸೀರೆ ಹಿಡಿದು ಶೈಲಶ್ರೀ ಮೊದಲೇ ಹೋಗಿದ್ದಳು. ಸಿಂದಗಿಯ ದರ್ಜಿ ಸುಲ್ತಾನಬಿ ಹೊಲಿದಿಟ್ಟ ಕುಬಸವನ್ನು ಬೆಳಗ್ಗೆ ಇಸಿದುಕೊಂಡು ಬರುವ ಒಂದೇ ಒಂದು ಕೆಲಸ ಯಜಮಾನರದು.

ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿನ ಚಹಾದಂಗಡಿಯಲ್ಲಿ ತೊಗರಿ ವ್ಯಾಪಾರಿ ರಾವಸಾಬ ಗಂಟುಬಿದ್ದ.

"ಸರ, ಮುಂದಿನ ಕಾಲಕ್ಕ ಹೋಗಾಕ ಬರ್ತೈತಂತಲ್ರಿ, ಖರೇನ?"

ಚೇತನಕುಮಾರರಿಗೆ ಆತನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು.

"ಖರೇನ ಐತಿ! ಬೆಳಕಿನ ವೇಗದ ಸನೇಕ ಓಡ್ರಿ, ನಿಮ್ಮ ಗಡಿಯಾರ ಸಾವಕಾಶ ಆಗ್ತೈತಿ. ತಿರುಗಿ ಬರೂದ್ರಾಗ ನೀವು ಹಂಗ ಇರ್ತೀರಿ, ಊರ ಮಂದಿ ಮುದುಕರಾಗಿರ್ತಾರ."

"ಹಿಂದಿನ ಕಾಲಕ್ಕರಿ?"

"ಅದು ಆಗಂಗಿಲ್ಲ. ಕಾಗದದ ಮ್ಯಾಲೆ ಲೆಕ್ಕ ಕೂಡ್ತಾವ. ಆದ್ರ ಮನಷ್ಯಾನ್ನ ಹಿಂದಕ್ಕ ಕಳಸೂ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ."

ಅಷ್ಟರಲ್ಲಿ ಶೈಲಶ್ರೀಯ ಫೋನು. "ಎಲ್ಲಿ ಅದೀರಿ?"

"ಬಂದ್ನಿ, ಬಂದ್ನಿ!" (ಕೂತ ಜಾಗದಿಂದ ಏಳುವ ಮೊದಲೇ ಬಂದುಬಿಡುವ ಈ ದಿವ್ಯವಿದ್ಯೆ ನಮ್ಮ ಗಂಡಸರಿಗೆ ಹುಟ್ಟಿನಿಂದಲೇ ಸಿದ್ಧಿಸಿದೆ.)

ಬಾಗೇವಾಡಿ ಬಸ್ಸು ಬಂತು. ಹೋಯಿತು. ಚೇತನಕುಮಾರರು ಆಗ ಸಕ್ಕರೆ ಡಬ್ಬಿಯನ್ನು ಭೂಮಿ ಮಾಡಿ, ಬಿಸ್ಕೀಟನ್ನು ರಾಕೆಟ್ ಮಾಡಿ ಹಾರಿಸುತ್ತಿದ್ದರು.

ಅತ್ತ ಅತ್ತೆ ಶಂಕ್ರೆವ್ವ ಅಳಿಯನ ಮಾತನ್ನು ಅಕ್ಷರಶಃ ನಂಬಿದಳು. "ಮಾಮಾ ಬಂದಾರಂತ, ಲಗೂನ ತಯಾರಾಗವಾ" ಎಂದು ಮಗಳನ್ನು ಒಳಗೆ ಅಟ್ಟಿದಳು. ದಾನೇಶ್ವರಿ ಹಳೆಯ ಕುಬಸ ಕಳಚಿ, ಮೈತುಂಬ ಸೆರಗು ಹೊದ್ದು ಕೂತಳು. ಕೂತೇ ಇದ್ದಳು. ಹೊರಗೆ ಹೆಂಗಸರು ಆರತಿ ಹಾಡು ಮುಗಿಸಿ, ಬಾಗಿಲ ಕಡೆ ನೋಡಿ, ಮತ್ತೆ ಮೊದಲಿನಿಂದ ಎತ್ತಿಕೊಂಡರು. ಪಾಪ, ಹುಡುಗಿಗೆ ಅಳುವೇ ಬಂತು.

ಅಳಿಯದೇವರು ತಲುಪಿದಾಗ ಊಟದ ಪಂಕ್ತಿ ಎದ್ದಿತ್ತು. ದಾನೇಶ್ವರಿ ಪಕ್ಕದ ಮನೆಯ ರೇವವ್ವನ ನೇರಳೆ ಕುಬಸ ತೊಟ್ಟು, ಊದಿದ ಮುಖದಲ್ಲೇ ಫೋಟೋ ತೆಗೆಸಿಕೊಂಡಾಗಿತ್ತು. ಕೈಯಲ್ಲಿದ್ದ ಹಸಿರು ಕುಬಸ ನೋಡಿ ಚೇತನಕುಮಾರರಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಬಾಯಿ ಸುಮ್ಮನಿರಬೇಕಲ್ಲ.

"ಆದದ್ದು ಆಗಿಹೋತು, ಶೈಲಾ. ಹಿಂದಿನ ಕಾಲಕ್ಕ ಯಾರನ್ನೂ ಕಳಸಾಕ ಬರಂಗಿಲ್ಲ."

"ಯಾಕ ಬರಂಗಿಲ್ರಿ?" ಎಂದಳು ಶೈಲಶ್ರೀ, ದನಿ ಏರಿಸದೆ. "ತಂಗಿ ಬಾಣಂತನ ಮುಗಿಯೂತನಾ ನಾ ಇಲ್ಲೇ ಇರ್ತೇನಿ. ನೀವು ಸಂಜಿ ಬಸ್ಸಿಗೆ ಸಿಂದಗಿಗೆ ನಡೀರಿ. ರೊಟ್ಟಿ ನೀವ ಬಡಕೋರಿ, ಅರಿವಿ ನೀವ ಒಕ್ಕೋರಿ."

ಮರುದಿನ ಸಿಂದಗಿಯ ಅಡುಗೆಮನೆಯಲ್ಲಿ ನಿಂತು, ಲಗ್ನಕ್ಕೆ ಮೊದಲಿನ ಅದೇ ಸೀದ ಉಪ್ಪಿಟ್ಟನ್ನು ಬಾಯಿಗಿಟ್ಟಾಗ, ತಾವು ಸರಿಯಾದ ಕಾಲಕ್ಕೆ ಬಂದು ಇಳಿದಿರುವುದು ಚೇತನಕುಮಾರರಿಗೆ ಖಾತ್ರಿಯಾಯಿತು.