ಹೋಗಲೊಲ್ಲದ ದೊಡ್ಡ ಮಾವ

ಸಾವಾದ ಮನೆಯಲ್ಲಿ ನಗಬಾರದು ಅನ್ನುತ್ತಾರೆ. ಹಾಗೆ ಅನ್ನುವವರು ಅಂಥ ಮನೆಯಲ್ಲಿ ಕರ್ಮ ಮುಗಿಯುವ ತನಕ ಇದ್ದು ನೋಡಿಲ್ಲ. ಅಂಜಿಕೆಯಾಗುವಂಥದ್ದೂ ನಗೆ ಬರುವಂಥದ್ದೂ ಅಲ್ಲಿ ಒಂದರ ಬೆನ್ನಿಗೊಂದು ನಡೆಯುತ್ತಲೇ ಇರುತ್ತವೆ. ಸೆರಗು ಬಾಯಿಗೆ ತುರುಕಿಕೊಂಡದ್ದು ಅಳುವಿಗೋ ನಗೆಗೋ ಯಾರಿಗೂ ತಿಳಿಯುವುದಿಲ್ಲ, ಅದೊಂದು ಪುಣ್ಯ.

ಹೋದವರು ನಮ್ಮ ಮಾವನವರ ಅಣ್ಣ, ನನಗೆ ದೊಡ್ಡ ಮಾವ. ನೌಕಾಪಡೆಯಲ್ಲಿ ಅಧಿಕಾರಿಯಾಗಿ ಆಯುಷ್ಯವೆಲ್ಲ ನೀರಿನ ಮೇಲೆ ಕಳೆದು, ಕಡೆಗೆ ಬ್ಯಾಡಗಿಯ ಮನೆಗೆ ಬಂದರು. "ಮೂಗಿನ್ಯಾಗಿನ ಸಮುದ್ರದ ವಾಸನಿ ಹೋಗಬೇಕಂದ್ರ ಮೆಣಸಿನಕಾಯಿ ಊರೇ ಬೇಕವಾ" ಅನ್ನುತ್ತಿದ್ದರು. ಅವರಿಗಿದ್ದವರು ಒಬ್ಬರೇ ಗೆಳೆಯರು, ರಾಣೆಬೆನ್ನೂರಿನ ಕರ್ನಲ್ ಕಾಕಾ. ಮೀಸೆ ಮೂಡುವ ವಯಸ್ಸಿನಲ್ಲಿ ಇಬ್ಬರೂ ಮಿಲಿಟರಿ ಅಕಾಡೆಮಿಯಲ್ಲಿ ಕೂಡಿದವರು. ಆಮೇಲೆ ಇವರು ಹಡಗಿಗೆ, ಅವರು ಭೂಸೇನೆಗೆ.

ದಹನವಾದ ಮರುದಿನದಿಂದ ದೊಡ್ಡತ್ತಿ, ಅಂದರೆ ದೊಡ್ಡ ಮಾವನವರ ಹೆಂಡತಿ, ಒಂದೇ ಮಾತು ಹಿಡಿದರು: "ಅವರು ಹೋಗಿಲ್ಲ. ಇನ್ನೂ ಮನಿಯೊಳಗ ಅದಾರ. ಅವರು ನೆಟ್ಟಗ ಹೋಗೂ ತನಕಾ ನಾ ಉಣ್ಣೂದಿಲ್ಲ." ಸಕ್ಕರೆ ಕಾಯಿಲೆಯ ಜೀವ. ಚಹಾ, ಹೆಚ್ಚೆಂದರೆ ಅರ್ಧ ಬಾಳೆಹಣ್ಣು, ಅಷ್ಟರ ಮೇಲೆಯೇ ಇದ್ದರು. ಡಾಕ್ಟರು ಬಂದು, "ಹಿಂಗಾದ್ರ ಈ ಮನಿಯಿಂದ ಇನ್ನೊಂದು ಹೆಣ ಏಳತೈತಿ" ಎಂದು ನನಗೇ ಬೈದು ಹೋದರು, ದೆವ್ವವನ್ನು ಸಾಕಿಕೊಂಡವಳು ನಾನೇ ಎಂಬಂತೆ.

ಸೀನು

ದೊಡ್ಡ ಮಾವನವರ ಸೀನು ಓಣಿಗೇ ಗೊತ್ತು. ಮೊದಲು ಎರಡು ಸಣ್ಣವು, ಆಮೇಲೆ ತೋಪು ಹಾರಿಸಿದಂಥದ್ದು ಒಂದು. ಒಂದು ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ಸುಮ್ಮನೆ ಕುಳಿತಿದ್ದೆವು. ಮುಚ್ಚಿದ ಅವರ ಕೋಣೆಯೊಳಗಿಂದ ಬಂತು: ಸಣ್ಣದು, ಸಣ್ಣದು, ತೋಪು.

ನಮ್ಮ ಮನೆಯವರು ಮೆಲ್ಲಗೆ ನನ್ನ ಬೆನ್ನ ಹಿಂದೆ ಸರಿದು, "ಹೋಗಿ ನೋಡು" ಎಂದರು. ನಮ್ಮ ಮನೆಯ ಗಂಡಸರ ಧೈರ್ಯ ಇಷ್ಟೇ.

ಕಸಬರಿಗೆ ಹಿಡಿದು ಬಾಗಿಲು ನೂಕಿದೆ. ಕಿಟಕಿ ಹಾಕಿದ ಕತ್ತಲಲ್ಲಿ, ಮಂಚದ ಮೇಲೆ, ದೊಡ್ಡ ಮಾವನವರ ಬಿಳಿ ಸಮವಸ್ತ್ರ ನೆಟ್ಟಗೆ ಕುಳಿತಿತ್ತು. ತಲೆ ಇರಲಿಲ್ಲ. ಕಸಬರಿಗೆ ಮೇಲೆತ್ತಿದೆ. ಅಷ್ಟರಲ್ಲಿ ಅದರ ಹಿಂದಿನಿಂದ ಕರ್ನಲ್ ಕಾಕಾನ ಬೋಳುತಲೆ ಮೇಲೆದ್ದಿತು. ಹಿತ್ತಿಲ ಬಾಗಿಲಿನಿಂದ ಬಂದು, ಗೆಳೆಯನ ಟ್ರಂಕು ತೆರೆದು, ಕೋಟನ್ನು ಎದೆಗೆ ಹಿಡಿದುಕೊಂಡು ಕುಳಿತಿದ್ದರು. ಹುಳ ಹತ್ತಬಾರದೆಂದು ದೊಡ್ಡತ್ತಿ ಅದರ ಜೇಬಿಗೆಲ್ಲ ಒಣಮೆಣಸಿನಕಾಯಿ ತುಂಬಿದ್ದು ಅವರಿಗೇನು ಗೊತ್ತು?

"ಕಾಕಾ, ನಮ್ಮ ಜೀವಾ ಹೋಗಿತ್ತಲ್ರಿ! ಥೇಟ್ ದೊಡ್ಡ ಮಾವನೋರ ಸೀನು!"

"ಅವನದಲ್ಲವಾ, ಮೂಲ ನಂದು" ಎಂದರು ಮೂಗೊರೆಸಿಕೊಳ್ಳುತ್ತ. "ಅಕಾಡೆಮಿಯೊಳಗ ನನ್ನ ನೋಡಿ ಕಲ್ತಾನ ಮಗಾ."

ಎರಡನೆಯ ಕಪ್ಪು

ಅಂದಿನಿಂದ ಕಾಕಾ ದಿನಾ ಮುಂಜಾನೆ ರಾಣೆಬೆನ್ನೂರಿನಿಂದ ಬರತೊಡಗಿದರು. 'ಸತ್ತ' ಅನ್ನುವ ಮಾತು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ. ಜಗುಲಿಯಲ್ಲಿ ಗೆಳೆಯನ ತೂಗುಕುರ್ಚಿಯ ಪಕ್ಕ ಕುಳಿತು, "ಚಹಾ ಎರಡು ಕಪ್ಪು ತಾರವಾ" ಅನ್ನುತ್ತಿದ್ದರು. ನಾನು ಒಳಗೆ ಹೋದ ಮೇಲೆ ಅವರ ದನಿ ಕೇಳುತ್ತಿತ್ತು: "ಕುಡಿಯೋ, ಆರತೈತಿ." ಕಪ್ಪು ಒಯ್ಯಲು ಬಂದರೆ ಎರಡೂ ಖಾಲಿ, ಖಾಲಿ ಕುರ್ಚಿ ಸಣ್ಣಗೆ ತೂಗುತ್ತಿತ್ತು. ದೊಡ್ಡತ್ತಿ ಅದನ್ನು ನೋಡಿ ಅರ್ಧ ಬಾಳೆಹಣ್ಣನ್ನೂ ಬಿಟ್ಟರು.

ಮರುದಿನ ನಾನು ಕಿಟಕಿಯ ಹಿಂದೆ ನಿಂತೆ. ಕಾಕಾ ಕಾಲಿನಿಂದ ಕುರ್ಚಿ ತೂಗುತ್ತ ಮೊದಲು ತಮ್ಮ ಕಪ್ಪು ಮುಗಿಸಿದರು, ಆಮೇಲೆ ಆ ಕಡೆಯದನ್ನು ಎತ್ತಿದರು.

"ಕಾಕಾ! ಅದು ಅವರದಲ್ರಿ!"

ಕಾಕಾ ಸ್ವಲ್ಪವೂ ನಾಚಲಿಲ್ಲ. "ಬರೇ ಹೊಟ್ಟೀಲೆ ಚಹಾ ಕುಡದ್ರ ಅವಂಗ ಆಸಿಡಿಟಿ ಆಗತೈತಿ. ಅವನ ಆರೋಗ್ಯ ನೋಡ್ಕೊಳ್ಳಾಕ ಇನ್ಯಾರದಾರವಾ?"

ಸಲ್ಯೂಟು

ನನ್ನ ಮಗಳಿನ್ನೂ ಅಂಗನವಾಡಿಗೆ ಹೋಗುವವಳು. ಒಂದು ಸಂಜೆ ಪಡಸಾಲೆಯಲ್ಲಿ ಒಬ್ಬಳೇ ನಿಂತು ಸಲ್ಯೂಟು ಹೊಡೆಯುತ್ತಿದ್ದಳು.

"ಯಾರಿಗೆ?"

"ದೊಡ್ಡಜ್ಜಗ."

"ಎಲ್ಲಿ ಅದಾರ?"

ಅವಳು ಜಗುಲಿಯ ಕುರ್ಚಿ ತೋರಿಸಲಿಲ್ಲ. ನನ್ನ ಬೆನ್ನ ಹಿಂದೆ ತೋರಿಸಿದಳು. ತಿರುಗಿ ನೋಡಲು ಕುತ್ತಿಗೆ ಒಪ್ಪಲಿಲ್ಲ. ಅಷ್ಟರಲ್ಲಿ ದೊಡ್ಡತ್ತಿ ಓಡಿಬಂದು ಅವಳ ಮುಂದೆ ಕುಸಿದರು. "ಏನಂತಾರವಾ ಅಜ್ಜ?"

"ಹಸಿವಾಗೈತಂತ."

"ಅಯ್ಯ ನನ್ನ ದೇವರ! ಏನ್ ಬೇಕಂತ?"

ಮಗಳು ನನ್ನ ಹಿಂದಿನ ಗೋಡೆಯತ್ತ ಕಿವಿಗೊಟ್ಟು ಕೇಳಿದಳು. "ಚಾಕಲೇಟ್. ದೊಡ್ಡದು. ನನ್ನ ಕೈಯಾಗ ಕೊಡ್ಬೇಕಂತ."

ಹಸಿದ ಹೊಟ್ಟೆ ಯಾರದೆಂದು ತಿಳಿಯಿತು. ಆದರೂ ಅವಳು ಬೆನ್ನ ಹಿಂದೆ ಯಾಕೆ ತೋರಿಸಿದಳು ಅಂತ ನಾನು ಇವತ್ತಿಗೂ ಕೇಳಿಲ್ಲ. ಚಾಕಲೇಟ್ ಮಾತ್ರ ಆಗಾಗ ಕೊಡಿಸುತ್ತಿದ್ದೇನೆ.

ಕಾಗೆ

ಹತ್ತನೆಯ ದಿನದ ಕರ್ಮ ಮೇಡ್ಲೇರಿಯ ಹೊಳೆದಂಡೆಯಲ್ಲಿ. ಹೆಂಗಸರು ಬರುವ ಪದ್ಧತಿಯಿಲ್ಲ, ಆದರೆ ದೊಡ್ಡತ್ತಿ ಹಟ ಹಿಡಿದು ಬಂದರು. ಎಲ್ಲಿ ಬೀಳುತ್ತಾರೋ ಎಂದು ರೊಟ್ಟಿಬುತ್ತಿ ಕಟ್ಟಿಕೊಂಡು ನಾನೂ ಬಂದೆ. ಕಾಗೆ ಪಿಂಡ ಮುಟ್ಟಿದರೆ ಸತ್ತವರು ತೃಪ್ತಿಯಿಂದ ಹೋದಂತೆ, ಮುಟ್ಟದಿದ್ದರೆ ಅವರದೇನೋ ಉಳಿದಿದೆ ಅಂತ ಲೆಕ್ಕ. "ಕಾಗಿ ಮುಟ್ಟಿದ್ರ ಉಣ್ತೇನಿ, ಇಲ್ಲಾಂದ್ರ ಅವರ ಹಿಂದ ನಾನೂ ಹೊಂಟೆ" ಎಂದರು ದೊಡ್ಡತ್ತಿ.

ಕಾಗೆಗಳು ಇರಲಿಲ್ಲ ಎಂದಲ್ಲ. ಜಾಲಿಮರದ ತುಂಬ ಕುಳಿತಿದ್ದವು. ಒಂದೂ ಕೂಗಲಿಲ್ಲ, ಒಂದೂ ರೆಕ್ಕೆ ಬಡಿಯಲಿಲ್ಲ, ಸುಮ್ಮನೆ ನಮ್ಮನ್ನೇ ನೋಡುತ್ತಿದ್ದವು. ಅಂಥ ಕಾಗೆಗಳನ್ನು ನಾನು ಕಂಡಿಲ್ಲ.

ಮಾವನವರು ಅತ್ತಿಗೆಯ ಕಡೆ ನೋಡಿ ಕೈಮುಗಿದು, "ಅಣ್ಣಾ, ವೈನಿನ್ನ ನಾ ನೋಡ್ಕೋತೇನಿ" ಎಂದರು. ಇಲ್ಲ. ನಮ್ಮ ಮನೆಯವರು, "ದೊಡ್ಡಪ್ಪಾ, ಗುಟ್ಕಾ ಬಿಡ್ತೇನಿ" ಎಂದರು. ಅದನ್ನು ಕಾಗೆಗಳೂ ನಂಬಲಿಲ್ಲ. ಬಿಸಿಲೇರಿತು. ದೊಡ್ಡತ್ತಿಯ ಕೈ ನಡುಗತೊಡಗಿತು, ಹಣೆಯ ಮೇಲೆ ತಣ್ಣನೆಯ ಬೆವರು.

ಕಾಕಾ ದೂರದಲ್ಲಿ, ಕಾರಿನೊಳಗೇ ಕುಳಿತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಹೋಗಿ ಕಾರಿನ ಬಾಗಿಲು ತೆಗೆದೆ. "ಗೆಳೆಯಾ ಸತ್ತಾನ ಅಂತ ಒಪ್ಪಾಕ ನಿಮಗಾಗವಲ್ದು, ಖರೇ. ಅದಕ್ಕ ದೊಡ್ಡತ್ತೀನೂ ಸಾಯಬೇಕೇನ್ರಿ? ಬಂದು ಏನರ ಹೇಳ್ರಿ ಅವರಿಗೆ!"

ಕಾಕಾ ಮರದ ಕಡೆಗೆ ಕೈ ಮಾಡಿದರು. "ಅಂವ ಯಾಕ ಬರವಲ್ಲ ನನಗ ಗೊತ್ತೈತಿ" ಎಂದರು. "ಅಕಾಡೆಮಿಯೊಳಗ ಅಂವ ನನಗಿಂತ ಒಂದು ಟರ್ಮ್ ಜೂನಿಯರ್. ಊಟದ ಟೇಬಲ್ಲಿಗೆ ಸೀನಿಯರ್ ಮೊದಲನೇ ತುತ್ತು ತಗೊಂಡು 'ಕ್ಯಾರಿ ಆನ್' ಅನ್ನೂ ತನಕಾ ಜೂನಿಯರ್ ಮುಟ್ಟಂಗಿಲ್ಲ. ನಾ ಉಣ್ಲಿ ಅಂತ ಕುಂತಾನ. ನಾ ಉಂಡ್ನೆಂದ್ರ... ಅಂವ ಹೋಗಿಬಿಡ್ತಾನವಾ."

ನಾನು ಕಾಕಾನ ಕೈ ಹಿಡಿದು ಇಳಿಸಿದೆ.

ಕಾಕಾ ಬಂದು ಪಿಂಡದೆದುರು ಚಕ್ಕಳಮಕ್ಕಳ ಹಾಕಿ ಕುಳಿತು ಕೈ ಚಾಚಿದರು. ಭಟ್ಟರು, "ಅದನ್ನಲ್ರೀ, ಅದನ್ನಲ್ಲ!" ಎಂದು ಚೀರಿದರು. ನಾನು ಓಡಿ ಬುತ್ತಿಯಿಂದ ರೊಟ್ಟಿ ಮುರಿದುಕೊಟ್ಟೆ. ಕಾಕಾ ತುತ್ತನ್ನು ಬಾಯಿಗಿಟ್ಟು, ಅಳುತ್ತಲೇ ಅಗಿದು ನುಂಗಿದರು. ಆಮೇಲೆ ಮೈ ನೆಟ್ಟಗೆ ಮಾಡಿ, ಮರದ ಕಡೆಗೆ ಹೊಳೆಯಾಚೆ ಕೇಳುವಂತೆ ಕೂಗಿದರು:

"ಕ್ಯಾರಿ ಆನ್!"

ಒಂದಲ್ಲ, ಇಡೀ ಮರವೇ ಇಳಿಯಿತು. ಪಿಂಡ ಹೋಯಿತು, ಎಲೆ ಹೋಯಿತು, ಭಟ್ಟರು ಮನೆಗೆಂದು ಕಟ್ಟಿಟ್ಟಿದ್ದ ವಡೆಯೂ ಹೋಯಿತು. ದೊಡ್ಡತ್ತಿ ಕಣ್ಣೊರೆಸಿಕೊಂಡು, "ನಲವತ್ತು ವರ್ಷ ನಾ ಉಣ್ಣಾಕ ಬರ್ರಿ ಅಂದ್ರ ಒಮ್ಮೆ ಎದ್ದು ಬರಲಿಲ್ಲ ಈ ಮನಷ್ಯಾ!" ಎಂದು ಬೈಯುತ್ತ ಬುತ್ತಿ ಎಳೆದುಕೊಂಡು ಉಣ್ಣತೊಡಗಿದರು.

ಭಟ್ಟರು ಮಾತ್ರ ಇನ್ನೂ ಮರವನ್ನೇ ನೋಡುತ್ತಿದ್ದರು. ಆಮೇಲೆ ಕಾಕಾನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಸಾಹೇಬ್ರ, ನಿಮ್ಮ ಫೋನ್ ನಂಬರ್ ಕೊಡ್ರಿ. ನಾಳೆ ಹಲಗೇರಿಯವರದೊಂದು ಕರ್ಮ ಐತಿ. ಸತ್ತಾಂವ ಬಾಳ ಹಟಮಾರಿ."